ತೂಕ ಇಳಿಸೋ ಆಪರೇಷನ್‌ಗೆ ಕಾಸೆಯವರು (ಜರ್ಮನಿಯ ಆರೋಗ್ಯ ವಿಮೆಯವರು) ಆಗಲ್ಲ ಅಂದ್ರು. ವೀಡರ್‌ಶ್ಪ್ರುಖ್ (ಆಕ್ಷೇಪಣೆ ಕಾಗದ) ಬರೆದು ಗೆದ್ದೋರು ಯಾರಾದ್ರೂ ಇದ್ದೀರಾ?

ತಿಪಟೂರು ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ಜರ್ಮನಿಗೆ ಬಂದು ಒಂಬತ್ತು ವರ್ಷ ಆಯ್ತು, ಸ್ಟುಟ್‌ಗಾರ್ಟ್ ಹತ್ರ ಇದ್ದೀವಿ. ಇದನ್ನ ನಮ್ಮೂರಿನ ವಾಟ್ಸಾಪ್ ಗುಂಪಲ್ಲಿ ಕೇಳಿದ್ರೆ ಅರ್ಧ ಗಂಟೇಲಿ ಅತ್ತೆ ಕಿವಿಗೆ ಬೀಳುತ್ತೆ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನನಗೆ 37. ಎತ್ತರ 161 ಸೆಂ.ಮೀ., ತೂಕ 99 ಕೆ.ಜಿ., ಬಿಎಂಐ (ಎತ್ತರಕ್ಕೆ ತೂಕದ ಅಳತೆ) 38. ಎರಡನೇ ಬಸಿರಲ್ಲಿ ಬಂದ ಶುಗರ್ ಹೋಗಲೇ ಇಲ್ಲ. ಮೆಟ್‌ಫಾರ್ಮಿನ್ ನುಂಗ್ತಿದ್ರೂ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 8.1. ನಿದ್ದೇಲಿ ಉಸಿರು ನಿಲ್ಲುತ್ತೆ ಅಂತ ರಾತ್ರಿಯೆಲ್ಲ ಮಾಸ್ಕ್ ಬೇರೆ. ಚಿಕ್ಕವಳು "ಅಮ್ಮ ಪೈಲಟ್" ಅಂತಾಳೆ.

ಆಸ್ಪತ್ರೆಯ ಬೊಜ್ಜಿನ ವಿಭಾಗದ ಡಾಕ್ಟ್ರೇ ಆಪರೇಷನ್ ಮಾಡಬಹುದು ಅಂತ ಅರ್ಜಿ ಬರೆದುಕೊಟ್ರು, ಕಾಸೆಗೆ ಕಳಿಸಿದ್ವಿ. ಐದು ವಾರ ಆದ್ಮೇಲೆ ಎರಡು ಪುಟದ ಕಾಗದ ಬಂತು. ಆಪರೇಷನ್ ಇಲ್ಲದೆ ತೂಕ ಇಳಿಸೋ ದಾರಿಗಳನ್ನ ನಾನು ಇನ್ನೂ ಪೂರ್ತಿ ನೋಡಿಲ್ಲವಂತೆ. ಅಡುಗೆಮನೇಲಿ ಕೂತು ಅತ್ತುಬಿಟ್ಟೆ. ಬೆಂಗಳೂರಿನ ಡಯಟಿಷಿಯನ್ ಹತ್ರ ವಾಟ್ಸಾಪಲ್ಲೇ ಹತ್ತು ತಿಂಗಳು ಚಾರ್ಟ್ ಹಾಕಿಸ್ಕೊಂಡು ತಿಂದಿದ್ದೀನಿ. 7 ಕೆ.ಜಿ. ಇಳೀತು, ಬಿಟ್ಟ ಮೇಲೆ 9 ಏರ್ತು. ದಿನಾ ಸಂಜೆ ನೆಕ್ಕರ್ ನದಿ ದಂಡೇಲಿ ನಡೀತೀನಿ. ಇದ್ಯಾವುದೂ ಲೆಕ್ಕಕ್ಕೇ ಇಲ್ವಾ?

ಎದುರು ಬರೆದ್ರೆ ಏನಾದ್ರೂ ಉಪಯೋಗ ಇದೆಯಾ? ನಮ್ಮನೆಯವರು ಊರಲ್ಲೇ ಮಾಡಿಸ್ಕೊಂಡು ಬರೋಣ, ಇಲ್ಲಾಂದ್ರೆ ಆ ತೂಕ ಇಳಿಸೋ ಇಂಜೆಕ್ಷನ್ ಕೇಳೋಣ ಅಂತಾರೆ.

ಮಂಡ್ಯ ಟು ಮ್ಯೂನಿಕ್

ಊರಿಗೆ ಹೋಗಿ ಮಾಡಿಸ್ಕೊಂಡು ಬನ್ನಿ ಮೇಡಂ, ಇವರ ಪೇಪರ್ ಕಾಟ ಯಾರಿಗ್ ಬೇಕು. ಬಿಲ್ ತಂದು ಕಾಸೆಗೆ ಹಾಕಿ ನೋಡಿ, ಕೊಟ್ರೆ ಕೊಟ್ರು.

ಬೆಣ್ಣೆದೋಸೆ ಅಕ್ಕ

ಮಂಡ್ಯದ ತಮ್ಮಾ, ಕೊಡಲ್ಲ. ಬೇಕಂತಲೇ ಭಾರತಕ್ಕೆ ಹೋಗಿ ಮಾಡಿಸ್ಕೊಂಡ ಆಪರೇಷನ್‌ಗೆ ಇಲ್ಲಿನ ಕಾಸೆ ಒಂದು ಸೆಂಟೂ ಬಿಚ್ಚಲ್ಲ.

ಕೊಬ್ಬರಿ ತಂಗೀ, ನಾನು ದಾವಣಗೆರೆಯವಳು, ಈಗ ನ್ಯೂರ್ನ್‌ಬರ್ಗಲ್ಲಿದ್ದೀನಿ. 2021ರಲ್ಲಿ ಹೊಟ್ಟೆಯ ಬೈಪಾಸ್ ಆಪರೇಷನ್ ಆಯ್ತು. ಆಗ 112 ಕೆ.ಜಿ., ಈಗ 74. ನನಗೂ ಮೊದಲು ಇದೇ ಎರಡು ಪುಟದ ಕಾಗದ ಬಂದಿತ್ತು, ನಾನೂ ಅತ್ತಿದ್ದೆ. ಅಳು ಮುಗಿಸ್ಕೊಂಡು ಮೊದಲು ಕಾಗದ ಕೈಗೆ ಬಂದ ತಾರೀಖು ನೋಡ್ಕೋ. ಅಲ್ಲಿಂದ ಒಂದು ತಿಂಗಳೊಳಗೆ ವೀಡರ್‌ಶ್ಪ್ರುಖ್ ಅವರಿಗೆ ಮುಟ್ಟಿರಬೇಕು. ಕಾರಣ ಎಲ್ಲ ಈಗಲೇ ಬರೀಬೇಕು ಅಂತಿಲ್ಲ. ಕಾಸೆಗೆ ವೈದ್ಯಕೀಯ ಸಲಹೆ ಕೊಡೋ ಸಂಸ್ಥೆಗೆ ಮೆಡಿಟ್ಸೀನಿಶರ್ ಡೀನ್ಸ್ಟ್ ಅಂತಾರೆ. "ನಿಮ್ಮ ತೀರ್ಮಾನಕ್ಕೆ ನನ್ನ ಆಕ್ಷೇಪ ಇದೆ, ಕಾರಣಗಳನ್ನ ಆಮೇಲೆ ಕಳಿಸ್ತೀನಿ, ಮೆಡಿಟ್ಸೀನಿಶರ್ ಡೀನ್ಸ್ಟ್ ಬರೆದ ವರದಿಯ ಪ್ರತಿ ಕೊಡಿ" ಅಂತ ಮೂರು ಸಾಲು ಸಾಕು. ಕೆಳಗೆ ಪೆನ್ನಲ್ಲಿ ಸಹಿ ಮಾಡಿ ರಿಜಿಸ್ಟರ್ ಪೋಸ್ಟಲ್ಲಿ ಹಾಕು. ಫೋನಲ್ಲಿ ಹೇಳಿದ್ದು ನಡೆಯಲ್ಲ, ಬರೀ ಇಮೇಲೂ ನಡೆಯಲ್ಲ.

ಆ ವರದಿ ಯಾಕೆ ಅಂದ್ರೆ, ಬೇಡ ಅಂತ ನಿಜವಾಗಿ ಹೇಳಿದೋರು ಅದನ್ನ ಬರೆದ ಡಾಕ್ಟ್ರು. ಅವರು ನಿನ್ನ ಮುಖ ನೋಡಿರಲ್ಲ, ಫೈಲ್ ನೋಡಿರ್ತಾರೆ. ನನ್ನ ವರದೀಲಿ "ಆಹಾರ ಚಿಕಿತ್ಸೆಯ ದಾಖಲೆ ಇಲ್ಲ, ವ್ಯಾಯಾಮದ ದಾಖಲೆ ಇಲ್ಲ" ಅಂತಿತ್ತು. ನಾನು ಹತ್ತು ವರ್ಷ ಉಪವಾಸ ಬಿದ್ದಿದ್ದು ಸುಳ್ಳು ಅಂತ ಅವರೇನೂ ಬರೆದಿರಲಿಲ್ಲ. ಅದು ಓದಿದ ಮೇಲೇ ನನ್ನ ಸಿಟ್ಟು ಇಳಿದಿದ್ದು.

ಸಾಮಾನ್ಯವಾಗಿ ಅವರು ಕೇಳೋದು ಆರು ತಿಂಗಳ ದಾಖಲೆ: ಮಾನ್ಯತೆ ಇರೋ ಆಹಾರ ಸಲಹೆಗಾರರ ಹತ್ರ ಹೋಗಿದ್ದು, ವ್ಯಾಯಾಮ, ಜೊತೆಗೆ ಮನೋವೈದ್ಯರ ಅಭಿಪ್ರಾಯ. ವ್ಯಾಯಾಮಕ್ಕೆ ನಿನ್ನ ಮನೆ ಡಾಕ್ಟ್ರ ಹತ್ರ ರೇಹಾಶ್ಪೋರ್ಟ್ (ಗುಂಪಲ್ಲಿ ಮಾಡಿಸೋ ಚಿಕಿತ್ಸೆಯ ವ್ಯಾಯಾಮ) ಚೀಟಿ ಬರೆಸ್ಕೋ. ಸಾಮಾನ್ಯವಾಗಿ 18 ತಿಂಗಳೊಳಗೆ 50 ಸಲ ಹೋಗಬಹುದು, ಖರ್ಚು ಕಾಸೇದು, ಪ್ರತಿ ಸಲ ನಿನ್ನ ಸಹಿ ಬೀಳುತ್ತೆ. ನೆಕ್ಕರ್ ದಂಡೇಲಿ ಸಹಿ ಹಾಕಿಸ್ಕೊಳ್ಳೋರು ಯಾರಿದ್ದಾರೆ ಹೇಳು.

ಆಹಾರ ಸಲಹೆ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡ. ತಿಂದಿದ್ದೆಲ್ಲ ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಬಾ ಅಂದಿದ್ಲು ನನ್ನ ಜರ್ಮನ್ ಸಲಹೆಗಾರ್ತಿ. ಮೊದಲ ವಾರ "ಅವಲಕ್ಕಿ ಒಂದು ಬಟ್ಟಲು, ಮುದ್ದೆ ಒಂದು, ಸಾರು" ಅಂತ ಬರೆದೆ. ಮುದ್ದೆ ಅಂದ್ರೆ ಎಷ್ಟು ದೊಡ್ಡದು ಅಂತ ಕೇಳಿದ್ಲು. ಕೈಯಲ್ಲಿ ತೋರಿಸಿದೆ. ಪಾಪ, ಇಲ್ಲಿನ ಬ್ರೆಡ್ ಉಂಡೆ ಕ್ನ್ಯೋಡೆಲ್ ಅಂದ್ಕೊಂಡ್ಲು. "ಎಣ್ಣೆ ಎಷ್ಟು?" ಅಂದ್ಲು. ಕಣ್ಣಳತೆ ಅಂತ ಜರ್ಮನ್‌ನಲ್ಲಿ ಹೇಳಕ್ಕೆ ಬರದೆ "ನಮ್ಮಮ್ಮ ಹಾಕಿದಷ್ಟು" ಅಂದೆ. ಮುಂದಿನ ವಾರ ನನ್ನ ಒಗ್ಗರಣೆ ಸೌಟನ್ನೇ ತರಿಸಿದ್ಲು! ತೂಕಕ್ಕೆ ಇಟ್ರೆ ಒಂದು ಸಲಕ್ಕೆ 30 ಗ್ರಾಂ ಎಣ್ಣೆ, ಅಂದ್ರೆ 270 ಕ್ಯಾಲರಿ. ಪಲ್ಯಕ್ಕೊಂದು, ಸಾರಿಗೊಂದು, ಚಿತ್ರಾನ್ನಕ್ಕೊಂದು. ನಾನು ಅನ್ನ ಬಿಟ್ಟು ಒದ್ದಾಡ್ತಿದ್ದೆ, ಸೌಟು ಆರಾಮಾಗಿ ಮೊಳೆಗೆ ನೇತಾಡ್ತಿತ್ತು. ಆ ಆರು ತಿಂಗಳಲ್ಲಿ 4 ಕೆ.ಜಿ. ಮಾತ್ರ ಇಳೀತು, ಆದ್ರೆ ಅದನ್ನೇ ಆಕೆ ವರದೀಲಿ ಬರೆದ್ಲು: ಹೇಳಿದ್ದೆಲ್ಲ ಮಾಡಿದ್ದಾರೆ, ಸಾಲದು ಅಂತ. ಅದೇ ಕಾಗದಕ್ಕೆ ಕಾಸೆ ಒಪ್ಪಿತು.

ನಿನ್ನ ವಿಷಯದಲ್ಲಿ ಇನ್ನೊಂದು ದಾರಿ ಇದೆ, ನನಗೆ ಇರಲಿಲ್ಲ. ಈ ಆಪರೇಷನ್ ಬಗ್ಗೆ ಜರ್ಮನಿಯ ಡಾಕ್ಟ್ರ ಸಂಘಗಳು ಬರೆದ 2018ರ ಎಸ್3 ಮಾರ್ಗಸೂಚೀಲಿ ಟೈಪ್ 2 ಶುಗರ್ ಇರೋರಿಗೆ ಬೇರೆ ಮಾತಿದೆ. ಬಿಎಂಐ 35 ದಾಟಿ, ಔಷಧಿ ತಗೊಂಡ್ರೂ ಶುಗರ್ ಹತೋಟಿಗೆ ಬರ್ತಿಲ್ಲ ಅಂದ್ರೆ ಶುಗರ್‌ಗೇ ಚಿಕಿತ್ಸೆ ಅಂತ ಆಪರೇಷನ್ ಸೂಚಿಸಬಹುದು. ನಿಂದು 38, 8.1. ನಿನ್ನ ಅರ್ಜೀಲಿ ಏನಂತ ಬರೆದಿದ್ರು, ಬೊಜ್ಜು ಅಂತಲೋ ಶುಗರ್ ಅಂತಲೋ? ಮೊದಲು ಅದನ್ನ ನೋಡು. ಶುಗರ್ ಡಾಕ್ಟ್ರ ಕಾಗದ ಒಂದು ಸೇರಿಸು.

ಕುಡ್ಲದ ಸಿಸ್ಟರ್

ನಾನು ಇಲ್ಲಿ ಸರ್ಜರಿ ವಾರ್ಡಿನಲ್ಲಿ ನರ್ಸ್. ಬೆಣ್ಣೆದೋಸೆ ಅಕ್ಕ ಹೇಳಿದ್ದು ಸರಿ ಉಂಟು, ಒಂದು ಮಾತು ಮಾತ್ರ ಸೇರಿಸುತ್ತೇನೆ. ಶುಗರ್ ಅಂತ ಅರ್ಜಿ ಹಾಕಿದರೂ ಕೆಲವು ಕಾಸೆಯವರು ಆರು ತಿಂಗಳ ಪೇಪರ್ ಕೇಳಿಯೇ ಕೇಳುತ್ತಾರೆ. ಹಾಗಾಗಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಈ ವಾರವೇ ಆಹಾರ ಸಲಹೆಗೆ ಹೆಸರು ಕೊಡಿ. ಮನೆ ಡಾಕ್ಟರ್ ಹತ್ತಿರ ಅಗತ್ಯ ಉಂಟು ಅಂತ ಚೀಟಿ ಬರೆಸಿಕೊಂಡರೆ ಕಾಸೆಯವರು ಅದಕ್ಕೆ ಸ್ವಲ್ಪ ಹಣ ಕೊಡುತ್ತಾರೆ.

ಇಂಜೆಕ್ಷನ್ ಬಗ್ಗೆ. ಬರೀ ತೂಕಕ್ಕೆ ಅಂತ ಬರೆದ ವೆಗೋವಿ ಇಂಜೆಕ್ಷನ್‌ಗೆ ಸರ್ಕಾರಿ ಕಾಸೆ ದುಡ್ಡು ಕೊಡುವ ಹಾಗೆಯೇ ಇಲ್ಲ, ಕಾನೂನಿನಲ್ಲೇ ತೂಕ ಇಳಿಸುವ ಮದ್ದನ್ನು ಹೊರಗೆ ಇಟ್ಟಿದ್ದಾರೆ. ನಿಮಗೆ ಶುಗರ್ ಇರುವುದರಿಂದ ಓಝೆಂಪಿಕ್ ಅಥವಾ ಮೌಂಜಾರೊ ಇಂಜೆಕ್ಷನ್ ಶುಗರ್ ಮದ್ದಾಗಿ ಬರೆಯಬಹುದು, ಆಗ ಸಿಗುತ್ತದೆ. ನಿಮ್ಮ ಡಯಾಬಿಟಿಸ್ ಡಾಕ್ಟರನ್ನು ಕೇಳಿ. ಅದನ್ನು ತೆಗೆದುಕೊಂಡೂ ಶುಗರ್ ಇಳಿಯದಿದ್ದರೆ ಅದೂ ಫೈಲಿಗೆ ಒಂದು ಪೇಪರ್ ಆಯಿತು.

ಊರಿನ ವಿಷಯ ಬಂತಲ್ಲ, ಅಲ್ಲಿಯೂ ಸುಲಭ ಇಲ್ಲ ಮಾರಾಯ್ರೆ. ವಿಮೆಯವರಿಗೆ 2019ರಲ್ಲಿ ಐಆರ್‌ಡಿಎಐ (ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ) ಹಾಕಿದ ನಿಯಮದಲ್ಲಿ ಬಿಎಂಐ 40 ಇರಬೇಕು, ಇಲ್ಲವೇ ದೊಡ್ಡ ಕಾಯಿಲೆ ಇದ್ದರೆ 35. ಅಲ್ಲಿನ ಸರ್ಜನ್‌ಗಳು ನಮ್ಮವರ ಮೈಗೆ ಅದಕ್ಕಿಂತ ಕಡಿಮೆ ಇದ್ದರೂ ಸಾಕು ಎನ್ನುತ್ತಾರೆ, ಆದರೆ ದುಡ್ಡು ಕೊಡುವವರು ಸರ್ಜನ್ ಅಲ್ಲವಲ್ಲ.

ವೀಡರ್‌ಶ್ಪ್ರುಖ್‌ಗೆ ಮೂರು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಕೋರ್ಟಿಗೆ ಹೋಗಬಹುದು. ಮತ್ತೆ ಬೇಡ ಅಂದರೂ ಹೋಗಬಹುದು. ಹೆದರಬೇಡಿ, ಇಂಥ ಕೇಸು ನೋಡುವ ಜೋತ್ಸಿಯಾಲ್‌ಗೆರಿಖ್ಟ್ ಎಂಬ ಕೋರ್ಟಿನಲ್ಲಿ ವಿಮೆ ಇರುವವರಿಗೆ ಫೀಸು ಇಲ್ಲ. ಫಾವ್‌ಡೇಕಾ (VdK) ಎಂಬ ಸಾಮಾಜಿಕ ಹಕ್ಕುಗಳ ಸಂಘಕ್ಕೆ ಸದಸ್ಯರಾದರೆ ಅವರ ವಕೀಲರೇ ಬರೆದುಕೊಡುತ್ತಾರೆ.

ಒಪ್ಪಿಗೆ ಬಂದ ಮೇಲೆ ಆಸ್ಪತ್ರೆಗೆ ದಿನಕ್ಕೆ 10 ಯೂರೋ ನಿಮ್ಮ ಕೈಯಿಂದ. ಅದು ದೊಡ್ಡದಲ್ಲ. ವಿಟಮಿನ್ ಮಾತ್ರೆ ಜೀವನಪೂರ್ತಿ, ಸಾಮಾನ್ಯವಾಗಿ ಅದೂ ನಿಮ್ಮ ಖರ್ಚೇ. ನೀವು ಮಾಂಸ ತಿನ್ನುವುದಿಲ್ಲವಾದರೆ ಬಿ12 ಮರೆತರೆ ಕಷ್ಟ ಉಂಟು. ಇನ್ನೊಂದು ಮಗು ಬೇಕು ಅಂತ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಆಪರೇಷನ್ ಆದ ಮೇಲೆ ಕನಿಷ್ಠ ಒಂದು ವರ್ಷ ಬೇಡ ಎನ್ನುತ್ತಾರೆ.

ಮಂಡ್ಯ ಟು ಮ್ಯೂನಿಕ್

ಸರಿ ಅಕ್ಕಂದಿರೇ, ಸೋತೆ. ಇದನ್ನ ನಮ್ಮ ಭಾವನಿಗೆ ಕಳಿಸ್ತೀನಿ, ಅವನೂ ರಾತ್ರಿಯೆಲ್ಲ ಗೊರಕೆ.

ತಿಪಟೂರು ಕೊಬ್ಬರಿ

ಅಕ್ಕ, ಸಿಸ್ಟರ್, ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಅರ್ಜಿ ತೆಗೆದು ನೋಡಿದೆ, ಮೊದಲ ಪುಟದಲ್ಲೆಲ್ಲ ಬೊಜ್ಜು ಅಂತಲೇ ಇದೆ. ಶುಗರ್ ಮೂರನೇ ಪುಟದ ಕೊನೇಲಿ, ಅದೂ ಹಳೇ ರಿಪೋರ್ಟಿನ 7.2 ಹಾಕಿದ್ದಾರೆ. ಶುಗರ್ ಡಾಕ್ಟ್ರ ಅಪಾಯಿಂಟ್‌ಮೆಂಟ್ ಮಂಗಳವಾರ ಸಿಕ್ಕಿದೆ. ಮೂರು ಸಾಲಿನ ಕಾಗದ ಇವತ್ತೇ ಪೋಸ್ಟ್ ಮಾಡಿದೆ, ಗಡುವಿಗೆ ಇನ್ನೂ ಹನ್ನೊಂದು ದಿನ ಇತ್ತು. ರಸೀದಿ ಫ್ರಿಜ್ ಮೇಲೆ ಅಂಟಿಸಿದ್ದೀನಿ.

ಅಕ್ಕ, ನನ್ನ ಒಗ್ಗರಣೆ ಸೌಟೂ ತೂಕಕ್ಕೆ ಇಟ್ಟೆ. 34 ಗ್ರಾಂ. ನಮ್ಮನೆಯವರಿಗೆ ಇನ್ನೂ ಹೇಳಿಲ್ಲ.