ಲಿಸ್ಟಿನ ಸಾಲುಗಳನ್ನು ಎಳೆದು ಜಾಗ ಬದಲಿಸುವುದು: ಮಾಡಿದವರು ಅನುಭವ ಹೇಳಿ

ಪ್ರಶ್ನೆ – ಶಿರಸಿ, ಬಿಸಿಎ ಕೊನೆಯ ವರ್ಷ

ನಮ್ಮೂರಿನ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಒಂದು ಸಣ್ಣ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ರಾತ್ರಿಯಿಡೀ ಆಡುವ ಪ್ರಸಂಗವನ್ನು ಮೂರು ತಾಸಿನ ಕಾಲಮಿತಿಗೆ ಇಳಿಸುವಾಗ ಭಾಗವತರು ಕೆಲವು ಪದ್ಯ ಬಿಡುತ್ತಾರೆ, ಕೆಲವನ್ನು ಹಿಂದೆ ಮುಂದೆ ಮಾಡುತ್ತಾರೆ. ಈಗ ಅದೆಲ್ಲ ನೋಟ್‌ಬುಕ್ಕಿನಲ್ಲಿ ಗೀಟು ಹೊಡೆದು, ಬಾಣ ಹಾಕಿ ನಡೆಯುತ್ತಿದೆ. ಪದ್ಯ, ರಾಗ, ತಾಳ, ನಿಮಿಷ ಇರುವ ಪಟ್ಟಿಯನ್ನು ಮೌಸಿನಿಂದ ಎಳೆದು ಜೋಡಿಸುವಂತಾಗಬೇಕು. ಪೈಥಾನ್ ಭಾಷೆ, ಪೈಸೈಡ್ 6 (ಕ್ಯೂಟಿ ಲೈಬ್ರರಿಯ ಪೈಥಾನ್ ರೂಪ), ಪಟ್ಟಿ ತೋರಿಸಲು ಅದರ ಕ್ಯೂಲಿಸ್ಟ್‌ವ್ಯೂ. ಪಟ್ಟಿಯ ಡೇಟಾ ನೋಡಿಕೊಳ್ಳುವ ಮಾಡೆಲ್ ನಾನೇ ಬರೆದದ್ದು, ಕೆಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ಒಂದು ಪದ್ಯವನ್ನು ಇನ್ನೊಂದರ ಮೇಲೆ ಬಿಟ್ಟರೆ ಅಲ್ಲಿದ್ದದ್ದು ಅಳಿಸಿಹೋಗುತ್ತದೆ. ಕೆಳಕ್ಕೆ ಎಳೆದರೆ ಒಂದು ಸಾಲು ಆಚೆ ಹೋಗಿ ಕೂರುತ್ತದೆ, ಒಮ್ಮೊಮ್ಮೆ ಪ್ರೋಗ್ರಾಮೇ ನಿಂತುಹೋಗುತ್ತದೆ. ಮುಚ್ಚಿ ತೆರೆದರೆ ಮತ್ತೆ ಹಳೆಯ ಕ್ರಮ. ಎಲ್ಲಿಂದ ಸರಿಮಾಡುತ್ತ ಬರಲಿ?

ಉತ್ತರ – ಕುಮಟಾದವನು, ಈಗ ಬೆಂಗಳೂರಿನಲ್ಲಿ ಕೆಲಸ

ತಮಾ, ಒಳ್ಳೇ ಕೆಲಸಕ್ಕೆ ಕೈಹಾಕಿದ್ದೀಯ. ಕ್ಯೂಟಿಯಲ್ಲಿ ಇದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳ್ತೆ.

ಮೊದಲನೆಯದು, ಪದ್ಯ ಅಳಿಸಿಹೋಗುವುದು. ಕ್ಯೂಟಿಯ ಪಟ್ಟಿ ಮಾಡೆಲ್‌ಗಳಿಗೆ ಆಧಾರವಾದ ಕ್ಯೂಅಬ್‌ಸ್ಟ್ರಾಕ್ಟ್‌ಲಿಸ್ಟ್‌ಮಾಡೆಲ್‌ನ ಮೂಲ ನಡವಳಿಕೆಯೇ ಹಾಗೆ. ಎರಡು ಸಾಲಿನ ನಡುವೆ ಬಿಟ್ಟರೆ ಸೇರಿಸುತ್ತದೆ, ಒಂದು ಸಾಲಿನ ಮೇಲೆಯೇ ಬಿಟ್ಟರೆ ಆ ಸಾಲಿನ ಡೇಟಾದ ಜಾಗಕ್ಕೆ ಹೊಸತನ್ನು ಬರೆಯುತ್ತದೆ. ನಿನ್ನ ಮಾಡೆಲ್‌ನ ಫ್ಲ್ಯಾಗ್ಸ್ ಫಂಕ್ಷನ್ ನೋಡು. ಅಲ್ಲಿ ಪ್ರತಿ ಸಾಲಿಗೂ ಐಟಂಈಸ್‌ಡ್ರಾಪ್‌ಎನೇಬಲ್ಡ್, ಅಂದರೆ ಅದರ ಮೇಲೆ ಬಿಡುವ ಅನುಮತಿ, ಕೊಟ್ಟಿರುತ್ತೀಯ. ಸಾಲುಗಳಿಗೆ ಡ್ರ್ಯಾಗ್ ಅನುಮತಿ ಮಾತ್ರ ಸಾಕು. ಡ್ರಾಪ್ ಅನುಮತಿಯನ್ನು ಇಂಡೆಕ್ಸ್ ಇನ್‌ವ್ಯಾಲಿಡ್ ಆಗಿದ್ದಾಗ ಮಾತ್ರ, ಅಂದರೆ ಪಟ್ಟಿಯ ಬೇರಿಗೆ ಮಾತ್ರ ಕೊಡು. ಆಗ ಸಾಲಿನ ಮೇಲೆ ಬಿಡಲು ಬರುವುದೇ ಇಲ್ಲ, ನಡುವೆ ಗೆರೆ ಕಾಣಿಸಿದಲ್ಲಿ ಮಾತ್ರ ಬಿಡಬಹುದು. ಡ್ರ್ಯಾಗ್‌ಡ್ರಾಪ್ ಮೋಡ್ ಇಂಟರ್ನಲ್‌ಮೂವ್ (ಪಟ್ಟಿಯೊಳಗೇ ಸರಿಸುವುದು) ಇರಲಿ.

ಎರಡನೆಯದೇ ಇದರಲ್ಲಿ ಮುಖ್ಯ. ಕ್ಯೂಟಿ 6ರ ಕ್ಯೂಲಿಸ್ಟ್‌ವ್ಯೂ ತನ್ನೊಳಗೇ ಸಾಲು ಸರಿಸುವಾಗ ಮೊದಲು ಮಾಡೆಲ್‌ನ ಮೂವ್‌ರೋಸ್ ಎಂಬ ಸಾಲು ಸರಿಸುವ ಫಂಕ್ಷನ್ ಅನ್ನು ಕೇಳುತ್ತದೆ. ಅದು ಆಗದು ಎಂದರೆ ಮಾತ್ರ ಹಳೆಯ ದಾರಿ: ಡೇಟಾವನ್ನು ಮೈಮ್ ರೂಪಕ್ಕೆ (ಎಳೆದು ಸಾಗಿಸುವ ಪೊಟ್ಟಣಕ್ಕೆ) ಕಟ್ಟಿ, ಹೊಸ ಜಾಗದಲ್ಲಿ ಸೇರಿಸಿ, ಆಮೇಲೆ ಹಳೆಯ ಸಾಲು ತೆಗೆಯುವುದು. ಈ ಹಳೆಯ ದಾರಿಯಲ್ಲಿ ನೀನು ಬಿಟ್ಟದ್ದನ್ನು ಸ್ವೀಕರಿಸುವ ಡ್ರಾಪ್‌ಮೈಮ್‌ಡೇಟಾ ಫಂಕ್ಷನ್ ಒಳಗೇ ಸಾಲನ್ನು ಸರಿಸಿಬಿಟ್ಟರೆ, ಕೊನೆಗೆ ವ್ಯೂ ತನ್ನ ಪಾಲಿನ ಅಳಿಸುವ ಕೆಲಸವನ್ನೂ ಮಾಡಿ ಒಂದು ಪದ್ಯವನ್ನು ನುಂಗುತ್ತದೆ. ಒಂದೇ ಪಟ್ಟಿಯೊಳಗಿನ ಕ್ರಮ ಬದಲಾವಣೆಗೆ ಮೂವ್‌ರೋಸ್ ಬರೆಯುವುದೇ ಸರಿ. ಆಯ್ಕೆಮಾಡಿದ ಸಾಲಿನ ಗುರುತೂ ಉಳಿಯುತ್ತದೆ.

ಇನ್ನು ಒಂದು ಸಾಲು ಆಚೆ ಹೋಗುವುದು. ಸರಿಸುವ ಮೊದಲು ಕರೆಯಬೇಕಾದ ಬಿಗಿನ್‌ಮೂವ್‌ರೋಸ್‌ಗೆ ಕೊಡುವ ಗುರಿಯ ಸಂಖ್ಯೆ ‘ಯಾವ ಸಾಲಿನ ಮುಂಚೆ’ ಎಂಬ ಲೆಕ್ಕದ್ದು, ಅದೂ ಸಾಲು ಎತ್ತುವ ಮೊದಲಿನ ಸ್ಥಿತಿಯಲ್ಲಿ. ಸೊನ್ನೆಯಿಂದ ಎಣಿಸಿ 2ನೇ ಸಾಲನ್ನು 5ನೇ ಸಾಲಿನ ಕೆಳಗೆ ಬಿಟ್ಟರೆ ಗುರಿ 6. ಆದರೆ ಪೈಥಾನ್ ಲಿಸ್ಟಿನಿಂದ 2ನೆಯದನ್ನು ಪಾಪ್ ಮಾಡಿದ ಕೂಡಲೇ ಕೆಳಗಿನವೆಲ್ಲ ಒಂದೊಂದು ಮೇಲೆ ಬರುತ್ತವೆ, ಹಾಗಾಗಿ ಇನ್ಸರ್ಟ್ ಮಾಡಬೇಕಾದದ್ದು 5ರಲ್ಲಿ. ಕೆಳಕ್ಕೆ ಹೋಗುವಾಗ ಒಂದು ಕಳೆ, ಮೇಲಕ್ಕೆ ಬರುವಾಗ ಇದ್ದಂತೆಯೇ ಬಿಡು. ಬಿಗಿನ್‌ಮೂವ್‌ರೋಸ್‌ಗೆ ಮಾತ್ರ ಕಳೆಯದ ಸಂಖ್ಯೆಯನ್ನೇ ಕೊಡಬೇಕು.

ಪ್ರೋಗ್ರಾಂ ನಿಲ್ಲುವುದಕ್ಕೂ ಇಲ್ಲೇ ಕಾರಣ ಇದ್ದೀತು. ಸಾಲನ್ನು ಅದರದೇ ಜಾಗಕ್ಕೆ ಸರಿಸಹೊರಟರೆ, ಅಂದರೆ ಗುರಿ 2 ಅಥವಾ 3 ಆದರೆ, ಬಿಗಿನ್‌ಮೂವ್‌ರೋಸ್ ಫಾಲ್ಸ್ ಕೊಡುತ್ತದೆ. ಆ ಉತ್ತರ ನೋಡದೆ ಡೇಟಾ ಸರಿಸಿ ಎಂಡ್‌ಮೂವ್‌ರೋಸ್ ಕರೆದರೆ ಮಾಡೆಲ್‌ನ ಒಳಲೆಕ್ಕ ಕೆಡುತ್ತದೆ. ಫಾಲ್ಸ್ ಬಂದರೆ ಅಲ್ಲೇ ವಾಪಸ್.

ಉತ್ತರ – ಕಾರವಾರ

ಜಾವಾದ ಕಿಟಕಿ ಲೈಬ್ರರಿಯಾದ ಸ್ವಿಂಗ್‌ನಲ್ಲೂ ಇದೇ ಲೆಕ್ಕ, ದಿಕ್ಕು ಮಾತ್ರ ಉಲ್ಟಾ. ಶಾಲಾ ವ್ಯಾನಿನ ನಿಲುಗಡೆಗಳ ಪಟ್ಟಿ ನಮ್ಮದು: ಮಾಜಾಳಿ, ಸದಾಶಿವಗಡ, ಕೋಡಿಬಾಗ, ಹೀಗೆ. ಸ್ವಿಂಗ್ ಮೊದಲು ಇಂಪೋರ್ಟ್‌ಡೇಟಾದಲ್ಲಿ ಹೊಸ ಜಾಗಕ್ಕೆ ಸೇರಿಸುತ್ತದೆ, ಆಮೇಲೆ ಎಕ್ಸ್‌ಪೋರ್ಟ್‌ಡನ್‌ನಲ್ಲಿ ನಾವು ಹಳೆಯದನ್ನು ತೆಗೆಯಬೇಕು. ಕೋಡಿಬಾಗವನ್ನು ಎಳೆದು ಮಾಜಾಳಿಗಿಂತ ಮೇಲಿನ ಜಾಗದಲ್ಲಿ ಇಟ್ಟರೆ ಹಳೆಯ ಕೋಡಿಬಾಗ ಒಂದು ಸಾಲು ಕೆಳಗೆ ಹೋಗಿರುತ್ತದೆ. ಹಳೆಯ ಸಂಖ್ಯೆ ಹಿಡಿದು ಅಳಿಸಿದರೆ ಸದಾಶಿವಗಡ ಹೋಗುತ್ತದೆ. ಮೇಲಕ್ಕೆ ಹೋದಾಗ ಒಂದು ಕೂಡಿಸಿ ಅಳಿಸಬೇಕು.

ಸ್ವಿಂಗ್ ಬಳಸುವವರು ಡ್ರಾಪ್‌ಮೋಡ್ ಅನ್ನು ‘ಇನ್ಸರ್ಟ್’ಗೆ ಇಡುವುದನ್ನು ಮರೆಯಬೇಡಿ. ಜಾವಾ 6ರಲ್ಲಿ ಬಂದ ಸೌಲಭ್ಯ ಅದು. ಹಾಗೆ ಮಾಡದಿದ್ದರೆ ಎಳೆಯುವಾಗ ಆಯ್ಕೆಯೇ ಸಾಲಿಂದ ಸಾಲಿಗೆ ಹಾರುತ್ತದೆ, ಎಲ್ಲಿ ಬೀಳುತ್ತದೆಂದು ಬಳಸುವವರಿಗೆ ತಿಳಿಯುವುದಿಲ್ಲ.

ಉತ್ತರ – ಹೊನ್ನಾವರ, ಕಂಪ್ಯೂಟರ್ ಮೇಷ್ಟ್ರು

ಮಕ್ಕಳಿಗೆ ಕಲಿಸುವಾಗ ಪೈಥಾನ್ ಜೊತೆಗೇ ಬರುವ ಕಿಟಕಿ ಲೈಬ್ರರಿ ಟಿಕಿಂಟರ್ ಬಳಸುತ್ತೇನೆ. ಅದರ ಲಿಸ್ಟ್‌ಬಾಕ್ಸ್‌ಗೆ ಎಳೆಯುವ ಸೌಲಭ್ಯ ಇಲ್ಲ. ಮೌಸ್ ಒತ್ತಿದಾಗ ನಿಯರೆಸ್ಟ್ ಕರೆದು ಸಾಲು ಹಿಡಿಯುವುದು, ಚಲಿಸಿದಾಗ ಡಿಲೀಟ್, ಇನ್ಸರ್ಟ್. ಕಲಿಯಲು ಚೆನ್ನ. ನಿಮ್ಮ ಕೆಲಸಕ್ಕೆ ಕ್ಯೂಟಿಯೇ ಇರಲಿ.

ಉತ್ತರ – ಶಿರಸಿ, ಅಡಿಕೆ ವ್ಯಾಪಾರಸ್ಥರಿಗೆ ಸಾಫ್ಟ್‌ವೇರ್ ಮಾಡುವವಳು

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಎಳೆಯುವುದೊಂದೇ ದಾರಿ ಇಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆ ಎಂದು ಲಾಟ್‌ಗಳನ್ನು ಜೋಡಿಸುವ ನನ್ನ ಬಳಕೆದಾರರಲ್ಲಿ ಬಹಳ ಜನ ಅರವತ್ತು ದಾಟಿದವರು. ಬಟನ್ ಒತ್ತಿ ಹಿಡಿದು, ಕೈ ನಡುಗಿಸದೆ ಸರಿಯಾದ ಗೆರೆಯವರೆಗೆ ಒಯ್ದು ಬಿಡುವುದು ಅವರಿಗೆ ನಿಜವಾಗಿ ಕಷ್ಟ. ನಿಮ್ಮ ಭಾಗವತರೂ ಅದೇ ವಯಸ್ಸಿನವರು ಇರಬಹುದು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂಬ) ಮಾರ್ಗಸೂಚಿಯ 2.5.7ನೇ ಅಂಶ ಇದನ್ನೇ ಹೇಳುತ್ತದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆ, ಬರೀ ಕ್ಲಿಕ್ಕಿನಿಂದಲೂ ಮಾಡಲು ಬರಬೇಕು. ಅದು ವೆಬ್‌ಗೆ ಬರೆದದ್ದು, ಆದರೆ ಬೆರಳುಗಳು ಎಲ್ಲ ಕಡೆಯೂ ಒಂದೇ.

ಪಟ್ಟಿಯ ಪಕ್ಕ ‘ಮೇಲೆ’, ‘ಕೆಳಗೆ’ ಎಂಬ ಎರಡು ಬಟನ್ ಇಡಿ. ಆಲ್ಟ್ ಜೊತೆ ಬಾಣದ ಕೀ ಒತ್ತಿದರೂ ಅದೇ ಆಗಲಿ. ಎರಡೂ ಅದೇ ಮೂವ್‌ರೋಸ್ ಅನ್ನು ಕರೆಯಲಿ, ಬೇರೆ ಕೋಡ್ ಬೇಡ. ಕಂಟ್ರೋಲ್ ಝಡ್ ಕೂಡ ಬೇಕೇ ಬೇಕು, ಯಾಕೆಂದರೆ ಬಿಟ್ಟದ್ದು ಎಲ್ಲಿ ಬಿತ್ತೆಂದು ಗೊತ್ತಾಗದಿದ್ದರೆ ಜನ ಹೆದರಿ ಮತ್ತೆ ಮುಟ್ಟುವುದಿಲ್ಲ. ಇನ್ನೊಂದು: ಕ್ಲಿಕ್ ಮಾಡಹೋಗಿ ಸಾಲು ಸರಿದುಬಿಡುತ್ತಿದ್ದರೆ ಸ್ಟಾರ್ಟ್‌ಡ್ರ್ಯಾಗ್‌ಡಿಸ್ಟೆನ್ಸ್, ಅಂದರೆ ಎಳೆತ ಶುರುವಾಗಲು ಮೌಸ್ ಸರಿಯಬೇಕಾದ ದೂರ, ಹೆಚ್ಚಿಸಿ. ಕ್ಯೂಟಿಯಲ್ಲಿ ಅದು ಮೊದಲಿಗೆ 10 ಪಿಕ್ಸೆಲ್ ಇರುತ್ತದೆ. ಉದ್ದ ಪಟ್ಟಿಯಾದರೆ ಆಟೊಸ್ಕ್ರೋಲ್‌ಮಾರ್ಜಿನ್ 16ರಿಂದ 40ಕ್ಕೆ ಏರಿಸಿ, ಅಂಚಿಗೆ ಹೋದಾಗ ಪಟ್ಟಿ ತಾನೇ ಸರಿಯಲು ಸುಲಭ.

ಉತ್ತರ – ಅಂಕೋಲಾ

ಮುಚ್ಚಿ ತೆರೆದರೆ ಹಳೆಯ ಕ್ರಮ ಬರುವ ತೊಂದರೆಗೆ ಯಾರೂ ಉತ್ತರಿಸಲಿಲ್ಲ. ಟೇಬಲ್ಲಿನಲ್ಲಿ ‘ಕ್ರಮ’ ಎಂಬ ಕಾಲಂ ಇದೆಯೇ? ಓದುವಾಗ ಆ ಕಾಲಂ ಪ್ರಕಾರ ಜೋಡಿಸಲು ಆರ್ಡರ್ ಬೈ ಹಾಕಿದ್ದೀರಾ? ಹಾಕದಿದ್ದರೆ ಎಸ್‌ಕ್ಯೂಲೈಟ್ ಯಾವ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ. ಸಾಲು ಸರಿದಾಗ ಮಾಡೆಲ್ ಕೊಡುವ ರೋಸ್‌ಮೂವ್ಡ್ ಸಿಗ್ನಲ್‌ಗೆ ಉಳಿಸುವ ಫಂಕ್ಷನ್ ಜೋಡಿಸಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಡೀ ಪಟ್ಟಿಗೆ ಹೊಸದಾಗಿ ಸಂಖ್ಯೆ ಬರೆಯಿರಿ. ಒಂದು ಪ್ರಸಂಗದ ಪದ್ಯಗಳಿಗೆ ಅದಕ್ಕಿಂತ ಜಾಣ ಉಪಾಯ ಬೇಡ. ‘ಕ್ರಮ’ದ ಮೇಲೆ ಯುನೀಕ್ (ಒಂದೇ ಸಂಖ್ಯೆ ಎರಡು ಸಲ ಬರಬಾರದೆಂಬ) ನಿರ್ಬಂಧ ಹಾಕಬೇಡಿ. ಎಸ್‌ಕ್ಯೂಲೈಟ್ ಅದನ್ನು ಟ್ರಾನ್ಸಾಕ್ಷನ್ ಮುಗಿಯುವವರೆಗೆ ಕಾಯದೆ ಸಾಲು ಸಾಲಿಗೇ ಪರೀಕ್ಷಿಸುತ್ತದೆ, ನಡುವೆ ಒಂದೇ ಸಂಖ್ಯೆ ಎರಡು ಸಾಲಿಗೆ ಬಂದ ಕ್ಷಣ ದೋಷ ಕೊಟ್ಟು ನಿಲ್ಲುತ್ತದೆ. ಉಳಿಸಿದ ಮೇಲೆ ಡೇಟಾಬೇಸಿನಿಂದ ಮತ್ತೆ ಪಟ್ಟಿ ತುಂಬಿಸಲೂ ಹೋಗಬೇಡಿ, ಆಯ್ಕೆಯೂ ಸ್ಕ್ರೋಲ್ ಜಾಗವೂ ಕಳೆದುಹೋಗುತ್ತವೆ.

ಕೇಳಿದವನು – ಶಿರಸಿ

ಎಲ್ಲರಿಗೂ ತುಂಬಾ ಧನ್ಯವಾದ. ಕುಮಟಾದ ಅಣ್ಣ ಹೇಳಿದಂತೆ ಫ್ಲ್ಯಾಗ್ಸ್ ಮತ್ತು ಮೂವ್‌ರೋಸ್ ಬದಲಿಸಿದೆ. ಪದ್ಯ ಬಿಟ್ಟಲ್ಲೇ ಕೂರುತ್ತಿದೆ. ಬಟನ್‌ಗಳನ್ನೂ ಇಡುತ್ತೇನೆ ಅಕ್ಕ. ಭಾಗವತರು ಈಗ ಎರಡು ಕೇಳುತ್ತಿದ್ದಾರೆ. ಒಂದು ಸನ್ನಿವೇಶದ ಪದ್ಯಗಳನ್ನೆಲ್ಲ ಒಟ್ಟಿಗೆ ಎಳೆಯಬೇಕು. ಮತ್ತೆ, ಏಕತಾಳದ ಪದ್ಯ ಮಾತ್ರ ಕಾಣುವಂತೆ ಫಿಲ್ಟರ್ ಹಾಕಿದಾಗಲೂ ಎಳೆಯಲು ಬರಬೇಕು.

ಉತ್ತರ – ಕುಮಟಾದವನು

ಒಟ್ಟಿಗೆ ಎಳೆಯಲು ಎಕ್ಸ್‌ಟೆಂಡೆಡ್‌ಸೆಲೆಕ್ಷನ್ (ಹಲವು ಸಾಲಿನ ಆಯ್ಕೆ) ಕೊಡು, ಸಾಕು. ವ್ಯೂ ಒಂದೊಂದೇ ಸಾಲಿಗೆ ಮೂವ್‌ರೋಸ್ ಕರೆದು ಎಲ್ಲವನ್ನೂ ಬಿಟ್ಟ ಜಾಗದಲ್ಲಿ ಒತ್ತೊತ್ತಾಗಿ ಕೂರಿಸುತ್ತದೆ. ಆಗ ರೋಸ್‌ಮೂವ್ಡ್ ಪ್ರತಿ ಸಾಲಿಗೂ ಬರುವುದರಿಂದ ಡೇಟಾಬೇಸಿಗೆ ಬರೆಯುವುದನ್ನು ಸಿಂಗಲ್‌ಶಾಟ್ ಕ್ಯೂಟೈಮರ್ ಒಂದನ್ನೇ ಪ್ರತಿ ಸಲ ಹೊಸದಾಗಿ ಶುರುಮಾಡಿ ಕೊನೆಗೆ ಒಮ್ಮೆ ಮಾಡು.

ಫಿಲ್ಟರ್ ಇದ್ದಾಗ ಎಳೆಯುವುದನ್ನು ಮಾತ್ರ ಒಪ್ಪಬೇಡ. ಕಾಣುವ ಎರಡು ಪದ್ಯಗಳ ನಡುವೆ ಕಾಣದ ನಾಲ್ಕು ಇದ್ದರೆ, ಬಿಟ್ಟದ್ದು ಆ ನಾಲ್ಕರ ಮುಂಚೆಯೋ ಆಮೇಲೋ ಎಂದು ಯಾರೂ ಹೇಳಲಾರರು. ಅದರ ಬದಲು ಫಿಲ್ಟರನ್ನೇ ತೆಗೆದು, ಬೇರೆ ತಾಳದ ಪದ್ಯಗಳನ್ನು ಅಕ್ಷರದ ಬಣ್ಣ ಹೇಳುವ ಫೋರ್‌ಗ್ರೌಂಡ್‌ರೋಲ್‌ನಲ್ಲಿ ಬೂದು ಬಣ್ಣಕ್ಕೆ ಇಳಿಸು. ಏಕತಾಳದವು ಕಣ್ಣಿಗೆ ಎದ್ದು ಕಾಣುತ್ತವೆ, ಇಡೀ ಪ್ರಸಂಗದ ಕ್ರಮವೂ ಎದುರಿಗೆ ಇರುತ್ತದೆ, ಎಳೆಯುವುದೂ ನಡೆಯುತ್ತದೆ. ಒಮ್ಮೆ ಹಾಗೆ ಮಾಡಿ ಭಾಗವತರಿಗೆ ತೋರಿಸು.