ಹಳೆಯ ಆಫ್‌ರೋಡ್ ಟ್ರಕ್ಕಿನ ಸಸ್ಪೆನ್ಷನ್ ಮೆತ್ತಗಾಗಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನನ್ನದು ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಕಮಾನು) ಇರುವ, ಮೂವತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್ ಟ್ರಕ್. ದೊಡ್ಡ ಗುಂಡಿಗಳನ್ನು ಅದು ಹೇಗೋ ತಾಳಿಕೊಳ್ಳುತ್ತದೆ. ಆದರೆ ಜಲ್ಲಿ ರಸ್ತೆಯ ಸಣ್ಣ ಉಬ್ಬುತಗ್ಗುಗಳಲ್ಲಿ ಪ್ರತಿ ಹೊಡೆತವೂ ನೇರವಾಗಿ ಬೆನ್ನಿಗೆ ಬರುತ್ತದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೂ ವ್ಯತ್ಯಾಸ ಕಾಣಲಿಲ್ಲ. ಗಾಡಿ ಬಹುಪಾಲು ಖಾಲಿಯಾಗಿಯೇ ಓಡುತ್ತದೆ. ಒಂದು ಪ್ಲೇಟ್ ತೆಗೆಸಿದರೆ ಸಾಕೇ, ಇಲ್ಲವೇ ಇಡೀ ಸೆಟ್ ಬದಲಿಸಬೇಕೇ?

ಮೊದಲ ಉತ್ತರ: ದೊಡ್ಡ ಗುಂಡಿಯನ್ನು ತಾಳಿಕೊಂಡು ಸಣ್ಣ ಕಲ್ಲಿಗೆ ಬಡಿಯುತ್ತದೆ ಎಂದಿದ್ದೀರಿ, ಅರ್ಧ ಉತ್ತರ ಅಲ್ಲಿಯೇ ಇದೆ. ಇಂತಹ ಗಾಡಿಯಲ್ಲಿ ಸ್ಪ್ರಿಂಗ್ ಗಡುಸಾಗಿರುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಂಡಿರುತ್ತದೆ. ಲೀಫ್ ಸ್ಪ್ರಿಂಗ್ ಬಾಗಬೇಕಾದರೆ ಅದರ ಪ್ಲೇಟುಗಳು ಒಂದರ ಮೇಲೊಂದು ಜಾರಲೇಬೇಕು. ತುಕ್ಕೂ ಮಣ್ಣೂ ಸೇರಿ ಆ ಜಾರಿಕೆಯನ್ನು ತಡೆದಾಗ, ತಿಕ್ಕಾಟವನ್ನು ಮೀರುವಷ್ಟು ದೊಡ್ಡ ಹೊಡೆತ ಬೀಳುವವರೆಗೆ ಸ್ಪ್ರಿಂಗ್ ಕದಲುವುದೇ ಇಲ್ಲ. ಅಲ್ಲಿಯವರೆಗೆ ಹೊಡೆತವನ್ನು ನುಂಗಲು ಇರುವುದು ಟೈರ್ ಮಾತ್ರ. ಸ್ಪ್ರಿಂಗ್ ಕದಲದಿದ್ದರೆ ಶಾಕ್ ಅಬ್ಸಾರ್ಬರ್‌ಗೂ ಕೆಲಸವಿಲ್ಲ, ಹಾಗಾಗಿ ಹೊಸದು ಹಾಕಿಸಿದರೂ ವ್ಯತ್ಯಾಸ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಖರ್ಚಿಲ್ಲದ ಕೆಲಸವನ್ನು ಮೊದಲು ಮಾಡಿ. ಟೈರಿನ ಮೈಮೇಲೆ ಅಚ್ಚಾಗಿರುವ ಗಾಳಿಯ ಅಂಕಿ ಗರಿಷ್ಠ ಭಾರಕ್ಕೆ ಸಂಬಂಧಿಸಿದ್ದೇ ಹೊರತು ಖಾಲಿ ಗಾಡಿಗೆ ಹೇಳಿದ್ದಲ್ಲ. ನಾನು ಟೈರ್ ತಣ್ಣಗಿರುವಾಗ ಗಾಳಿ ಅಳೆದು, ಅರ್ಧ ಗಂಟೆ ಡಾಂಬರು ರಸ್ತೆಯಲ್ಲಿ ಓಡಿಸಿ ಮತ್ತೊಮ್ಮೆ ಅಳೆಯುತ್ತೇನೆ. ಏರಿಕೆ 4 ಪಿಎಸ್‌ಐ ಆಸುಪಾಸಿನಲ್ಲಿದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಗಾಳಿ ಕಡಿಮೆಯಾಗಿ ಟೈರ್ ಕಾಯುತ್ತಿದೆ ಎಂದು ತಿಳಿಯಬೇಕು. ಗಾಡಿಯ ತಯಾರಕರು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ.

ಇನ್ನು ಸ್ಪ್ರಿಂಗ್. ನನ್ನ ಗಾಡಿಯ ಹಿಂದಿನ ಸೆಟ್ ಬಿಚ್ಚಿಸಿದಾಗ, ಪ್ರತಿ ಪ್ಲೇಟಿನ ತುದಿ ತನ್ನ ಮೇಲಿನ ಪ್ಲೇಟಿನ ಅಡಿಯನ್ನು ಕೊರೆದು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಮಾಡಿತ್ತು. ಸ್ಪ್ರಿಂಗ್ ಬಾಗಿದಾಗಲೆಲ್ಲ ತುದಿ ಆ ಗೆರೆಯ ಅಂಚನ್ನು ಹತ್ತಿ ಇಳಿಯಬೇಕಾಗಿತ್ತು. ಪ್ಲೇಟುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಗೆರೆಗಳ ಅಂಚನ್ನು ಸವರಿ, ತುದಿಗಳ ಮೂಲೆಯನ್ನು ಗುಂಡಗೆ ಮಾಡಿಸಿ, ತುದಿಗೊಂದರಂತೆ ನೈಲಾನ್ ಪಟ್ಟಿ ಕೂರಿಸಿದೆವು. ಗಾಡಿ ಬೇರೆಯೇ ಆಯಿತು. ಪ್ಲೇಟುಗಳ ನಡುವೆ ಗ್ರೀಸ್ ಮೆತ್ತುವುದನ್ನು ನಾನು ಒಪ್ಪುವುದಿಲ್ಲ. ಆಫ್‌ರೋಡ್ ಧೂಳು ಅದಕ್ಕೆ ಅಂಟಿಕೊಂಡು ಉಜ್ಜುವ ಪುಡಿಯಂತೆ ಲೋಹವನ್ನು ತಿನ್ನುತ್ತದೆ. ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಸೆಟ್ಟನ್ನು ಬಲವಾದ ಕ್ಲ್ಯಾಂಪಿನಲ್ಲಿ ಹಿಡಿಸಿ, ಏಕೆಂದರೆ ಪ್ಲೇಟುಗಳು ಸಿಡಿದು ಬೇರೆಯಾಗುತ್ತವೆ.

ಬಿಚ್ಚಿದಾಗಲೇ ಬುಷ್ (ಸ್ಪ್ರಿಂಗಿನ ತುದಿಯ ಬೋಲ್ಟಿನ ಸುತ್ತ ಕೂರುವ ಮೆತ್ತನೆಯ ತೋಳು) ಮತ್ತು ಶ್ಯಾಕಲ್‌ಗಳನ್ನು (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ತೂಗಾಡುವ ಕೊಂಡಿ) ನೋಡಿಬಿಡಿ. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರಗಳು ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಸ್ಪ್ರಿಂಗಿಗೆ ಎದುರಾಗಿ ಎಳೆಯುತ್ತಿರುತ್ತದೆ, ಬೇಗನೆ ಹರಿದೂ ಹೋಗುತ್ತದೆ. ಕೊನೆಯ ಬಿಗಿತ ಚಕ್ರಗಳ ಮೇಲೆ ಭಾರ ಬಿದ್ದ ನಂತರವೇ ಆಗಬೇಕು. ಪಾಲಿಯುರಿಥೇನ್ ಬುಷ್ ಹೆಚ್ಚು ಬಾಳುತ್ತದೆ ನಿಜ, ಆದರೆ ನಿಮಗೆ ಬೇಕಾಗಿರುವುದು ಮೆತ್ತನೆಯ ಸವಾರಿ, ರಬ್ಬರ್ ಹಾಕಿಸಿ.

ಪ್ಲೇಟ್ ತೆಗೆಸುವುದು ಬೇಡವೆಂದೇ ನನ್ನ ಸಲಹೆ. ಗಾಡಿ ಮೆತ್ತಗಾಗುತ್ತದೆ, ಆದರೆ ಉಳಿದ ಪ್ಲೇಟುಗಳ ಮೇಲೆ ಹೊರೆ ಹೆಚ್ಚುತ್ತದೆ, ಗಾಡಿ ಕುಸಿಯುತ್ತದೆ, ಮುಂದೊಂದು ದಿನ ಭಾರ ಹೇರಿದಾಗ ಎಲ್ಲಕ್ಕಿಂತ ಉದ್ದನೆಯ ಮೇನ್ ಪ್ಲೇಟೇ ಮುರಿಯುವ ಅಪಾಯವಿರುತ್ತದೆ.

ಎರಡನೆಯ ಉತ್ತರ: ಮೇಲಿನದನ್ನೆಲ್ಲ ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ಹಳೆಯ ಸ್ಪ್ರಿಂಗ್ ಕುಸಿದಿದ್ದರೆ ಆಕ್ಸಲ್ ಬಂಪ್ ಸ್ಟಾಪಿನ (ಆಕ್ಸಲ್ ತೀರಾ ಮೇಲೇರಿದಾಗ ತಡೆಯುವ ರಬ್ಬರ್ ತುಂಡು) ಹತ್ತಿರವೇ ಕುಳಿತಿರುತ್ತದೆ, ಮತ್ತು ನೀವು ಸ್ಪ್ರಿಂಗಿನದೆಂದು ತಿಳಿದ ಹೊಡೆತ ಬಂಪ್ ಸ್ಟಾಪಿನದಾಗಿರಬಹುದು. ಅದರ ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ, ನಿಮ್ಮ ಎಂದಿನ ರಸ್ತೆಯಲ್ಲಿ ಓಡಿಸಿ ಬನ್ನಿ. ಆಕ್ಸಲ್ಲಿನ ಮೇಲೆ ಗ್ರೀಸಿನ ಗುರುತು ಬಿದ್ದಿದ್ದರೆ ಎತ್ತರ ಕಡಿಮೆಯಾಗಿದೆ ಎಂದರ್ಥ. ಹಾಗಿದ್ದರೆ ಹೊಸ ಸೆಟ್ ಬೇಕೇ ಬೇಕು, ಮತ್ತು ಪ್ಯಾರಾಬೋಲಿಕ್ ಸ್ಪ್ರಿಂಗ್ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ. ನಡುವೆ ದಪ್ಪವಾಗಿ ತುದಿಯತ್ತ ತೆಳ್ಳಗಾಗುವ ಕೆಲವೇ ಪ್ಲೇಟುಗಳು ಅದರಲ್ಲಿ ನಡುವೆಯೂ ತುದಿಯಲ್ಲೂ ಮಾತ್ರ ತಾಗುವುದರಿಂದ ತಿಕ್ಕಾಟ ತೀರಾ ಕಡಿಮೆ. ಆದರೆ ಹಳೆಯ ಸೆಟ್ಟಿನಲ್ಲಿ ಕುಣಿತವನ್ನು ಒಂದಿಷ್ಟು ತಡೆಯುತ್ತಿದ್ದುದೂ ಅದೇ ತಿಕ್ಕಾಟ. ಅದು ಹೋದ ಮೇಲೆ ಆ ಕೆಲಸ ಪೂರ್ತಿಯಾಗಿ ಶಾಕ್ ಅಬ್ಸಾರ್ಬರ್ ಪಾಲಿಗೆ ಬರುತ್ತದೆ, ಆದ್ದರಿಂದ ಖಾಲಿ ಗಾಡಿಯ ತೂಕಕ್ಕೆ ಹೊಂದುವ ಶಾಕ್ ಹಾಕಿಸಿ.

ಎತ್ತರಿಸುವ ಸೆಟ್ ತರುವವರು ಶ್ಯಾಕಲ್ ಕೋನವನ್ನೂ ನೋಡಬೇಕು. ಕಮಾನು ಹೆಚ್ಚಿದಷ್ಟೂ ಸ್ಪ್ರಿಂಗಿನ ಎರಡು ಕಿವಿಗಳು (ತುದಿಗಳಲ್ಲಿ ಬೋಲ್ಟ್ ಕೂರುವ ಸುರುಳಿಗಳು) ಹತ್ತಿರವಾಗಿ, ಶ್ಯಾಕಲ್ ಒಳಕ್ಕೆ ವಾಲುತ್ತದೆ. ಆಗ ಸ್ಪ್ರಿಂಗ್ ಚಪ್ಪಟೆಯಾಗುತ್ತ ಉದ್ದವಾಗಲು ಹೊರಟರೆ ಶ್ಯಾಕಲ್ ಸಲೀಸಾಗಿ ದಾರಿ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು: ಗ್ರೀಸ್ ಪರೀಕ್ಷೆ ಮಾಡಿದೆ. ಗುರುತು ಬಿದ್ದಿಲ್ಲ, ಎತ್ತರ ಸರಿಯಾಗಿದೆ. ಸ್ಪ್ರಿಂಗ್ ಬಿಚ್ಚಿಸಲು ನಿರ್ಧರಿಸಿದ್ದೇನೆ. ಹಳೆಯ ಯು ಬೋಲ್ಟ್‌ಗಳನ್ನೇ ಮತ್ತೆ ಬಳಸಬಹುದೇ?

ಮೊದಲ ಉತ್ತರ ಬರೆದವರು: ದಯವಿಟ್ಟು ಬಳಸಬೇಡಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಆಕ್ಸಲ್ಲನ್ನು ಸ್ಪ್ರಿಂಗಿಗೆ ಹಿಡಿದಿಟ್ಟಿರುವುದೇ ಅದು. ಹೊಸದನ್ನು ಹಾಕಿಸಿ, ನಾಲ್ಕು ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬನ್ನಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ವ್ರೆಂಚ್ ಹಿಡಿದು ಇನ್ನೊಮ್ಮೆ ನೋಡಿ, ಏಕೆಂದರೆ ಪ್ಲೇಟುಗಳು ಅಷ್ಟರಲ್ಲಿ ಕುಳಿತು ನಟ್‌ಗಳು ಸಡಿಲವಾಗಿರುತ್ತವೆ.