ತೂತು, ಚೂರು, ಹಪ್ಪಳ

ಟ್ಯಾಂಪಾದಲ್ಲಿ ಶನಿವಾರ ಸಂಜೆ ಮಳೆ ಹಿಡಿದರೆ ಪದ್ಮಕ್ಕ ಹಪ್ಪಳ ಕರಿಯುತ್ತಾರೆ. ಹಪ್ಪಳ ಕರಿದರೆ ನಾವು ಸೇರುತ್ತೇವೆ. ನಾವು ಸೇರಿದರೆ ಸೀನ 2000ದ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಥೆ ತೆಗೆಯುತ್ತಾನೆ. ಅವನು ಫ್ಲೋರಿಡಾಗೆ ಬಂದಿಳಿದದ್ದು ಆ ವರ್ಷವೇ. ಮತ ಹಾಕುವ ಹಕ್ಕಿರಲಿಲ್ಲ, ಆದರೂ ನಿದ್ದೆಗೆಟ್ಟವನು.

"ನವೆಂಬರ್ 7. ರಾತ್ರಿ ಎಂಟಕ್ಕೆ ಮುಂಚೆನೇ ಟಿವಿಯವರು ಫ್ಲೋರಿಡಾ ಅಲ್ ಗೋರ್‌ಗೆ ಅಂದುಬಿಟ್ಟರು. ರಾಜ್ಯದ ಪಶ್ಚಿಮದ ತುದಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಅಲ್ಲಿ ಜನ ಇನ್ನೂ ಮತ ಹಾಕ್ತಾ ಇದ್ದಾರೆ!"

"ಪಂಕ್ತಿ ಏಳೋದಕ್ಕೆ ಮುಂಚೆ ಎಲೆ ಎತ್ತಿದ ಹಾಗೆ," ಅಂದ ಗುರು.

"ಆಮೇಲೆ ವಾಪಸ್ ತಗೊಂಡರು. ರಾತ್ರಿ ಎರಡು ದಾಟಿದ ಮೇಲೆ ಜಾರ್ಜ್ ಬುಷ್‌ಗೆ ಅಂದರು. ಗೋರ್ ಪಾಪ ಫೋನ್ ಮಾಡಿ ಸೋಲು ಒಪ್ಪಿಕೊಂಡ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋನ್. ಒಪ್ಪಿದ್ದು ವಾಪಸ್!"

"ತಾಂಬೂಲ ಬದಲಾಯಿಸಿದ ಮೇಲೆ ಸಂಬಂಧ ಬೇಡ ಅಂದಂಗಾಯ್ತು," ಅಡುಗೆಮನೆಯಿಂದ ಪದ್ಮಕ್ಕ.

"ಆಗ ಇಲ್ಲಿ ಗವರ್ನರ್ ಬುಷ್‌ನ ತಮ್ಮನೇ ಅಲ್ವಾ?" ಅಂದೆ.

"ಹೌದು, ಜೆಬ್. ಇನ್ನೂ ಕೇಳು. ಫಲಿತಾಂಶಕ್ಕೆ ಸಹಿ ಹಾಕಬೇಕಾದ ಕ್ಯಾಥರೀನ್ ಹ್ಯಾರಿಸ್ ಬುಷ್ ಪ್ರಚಾರ ಸಮಿತಿಯಲ್ಲೂ ಇದ್ದರು."

ಗುರು ಏನೂ ಅನ್ನಲಿಲ್ಲ. ಹಪ್ಪಳ ಮುರಿದ, ಅಷ್ಟೆ.

ಇಷ್ಟೆಲ್ಲ ಜಗಳ ಯಾಕೆ ಅಂದರೆ, ಇಲ್ಲಿ ಒಂದೇ ಮತ ಜಾಸ್ತಿ ಬಂದರೂ ಇಡೀ ರಾಜ್ಯದ ಎಲೆಕ್ಟರುಗಳು, ಅಂದರೆ ಕೊನೆಗೆ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳು, ಅವನ ಪಾಲು. ಆಗ 25. ಅರ್ಧ ಪರ್ಸೆಂಟಿಗಿಂತ ಕಡಿಮೆ ಅಂತರವಿದ್ದರೆ ಮತ್ತೆ ಎಣಿಸಬೇಕು. ಎಣಿಸಿದರು. ಬುಷ್‌ನ ಮುನ್ನಡೆ ಸಾವಿರದ ಲೆಕ್ಕದಿಂದ ನೂರರ ಲೆಕ್ಕಕ್ಕೆ ಇಳಿಯಿತು.

"ಪಾಮ್ ಬೀಚ್ ಕಥೆ ಹೇಳೋ," ಅಂದರು ಪದ್ಮಕ್ಕ. ನೂರು ಸಲ ಕೇಳಿದ್ದಾರೆ.

"ಇದೇ ಫ್ಲೋರಿಡಾದ ಒಂದು ಜಿಲ್ಲೆ ಅದು, ಅಲ್ಲಿ ಜಾಸ್ತಿ ವಯಸ್ಸಾದವರು. ಮತ ಹಾಕೋದು ಅಂದರೆ ಹೆಸರಿನ ಪಕ್ಕ ಕಾರ್ಡಿಗೆ ತೂತು ಚುಚ್ಚೋದು. ಓದೋಕೆ ಸುಲಭ ಆಗಲಿ ಅಂತ ದೊಡ್ಡ ಅಕ್ಷರ ಹಾಕಿದರು. ಹೆಸರು ಒಂದು ಪುಟದಲ್ಲಿ ಹಿಡಿಸಲಿಲ್ಲ. ಎಡಕ್ಕೆ ಅರ್ಧ, ಬಲಕ್ಕೆ ಅರ್ಧ, ತೂತುಗಳು ಮಧ್ಯದಲ್ಲಿ. ಎಡಗಡೆ ಗೋರ್ ಎರಡನೇ ಹೆಸರು, ಆದರೆ ಅವನ ತೂತು ಮೂರನೇದು. ಎರಡನೇ ತೂತು ಬಲಗಡೆಯ ಬುಕ್ಯಾನನ್ ಅನ್ನೋ ಇನ್ನೊಬ್ಬ ಅಭ್ಯರ್ಥಿದು!"

"ಅಯ್ಯೋ, ಕನ್ನಡಕ ಹಾಕಿಕೊಂಡರೂ ನಾನು ತಪ್ಪೇ ಚುಚ್ತಿದ್ದೆ."

"ಬುಕ್ಯಾನನ್‌ಗೆ ಅಲ್ಲಿ 3,400ಕ್ಕೂ ಹೆಚ್ಚು ಮತ. ಅವನೇ ಟಿವಿಯಲ್ಲಿ ಬಂದು, ಅದರಲ್ಲಿ ಬಹಳಷ್ಟು ನನ್ನವಲ್ಲ ಅಂತ ಹೇಳಿದ. ಎರಡೆರಡು ತೂತು ಚುಚ್ಚಿ ರದ್ದಾದವು 19,000 ದಾಟಿದವು."

ಅಷ್ಟರಲ್ಲಿ ಬಿಸಿ ಹಪ್ಪಳ ಬಂತು. ಸೀನ ಒಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ.

"ಕೈಯಲ್ಲಿ ಎಣಿಸೋರು ಹೀಗೇ ನೋಡ್ತಿದ್ದರು. ಚುಚ್ಚಿದಾಗ ಕಾರ್ಡಿಂದ ಚೂರು ಉದುರಬೇಕು. ಒಂದು ಮೂಲೆಯಲ್ಲಿ ಜೋತಾಡ್ತಿದ್ದರೆ ಮತವೋ ಅಲ್ಲವೋ? ಉದುರದೆ ಸುಮ್ನೆ ಉಬ್ಬಿದ್ದರೆ? ಅದಕ್ಕೆ ಬಸುರಿ ಚೂರು ಅಂತಲೇ ಹೆಸರಿಟ್ಟರು!"

"ಈ ಗುಳ್ಳೆ ಥರ?" ಗುರು ಬೆರಳಿಟ್ಟ. ಟಪ್ ಅಂತ ಒಡೆಯಿತು.

"ನೋಡು, ಸಾಕ್ಷಿ ಹಾಳು ಮಾಡಿದೆ! ಬ್ರೋವರ್ಡ್ ಅನ್ನೋ ಇನ್ನೊಂದು ಜಿಲ್ಲೆಯಲ್ಲಿ ಒಬ್ಬ ನ್ಯಾಯಾಧೀಶರು ಭೂತಗಾಜು ಹಿಡಿದು, ಕಣ್ಣು ಅಷ್ಟಗಲ ಮಾಡಿ ಇಂಥದ್ದನ್ನೇ ನೋಡ್ತಾ ಕೂತಿದ್ದರು."

ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟು 5-4ರಲ್ಲಿ ಎಣಿಕೆ ಸಾಕು ಅಂದಿತು. ಸುಮಾರು 60 ಲಕ್ಷ ಮತಗಳಲ್ಲಿ ಬುಷ್ ಗೆದ್ದದ್ದು 537ರಿಂದ. ದೇಶದ ಒಟ್ಟು ಲೆಕ್ಕದಲ್ಲಿ ಗೋರ್‌ಗೆ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು, ಅದು ಬೇರೆ ವಿಷಯ.

"ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲೂ ಇಷ್ಟು ಕಡಿಮೆ ಅಂತರ ಬರಲ್ಲ," ಅಂದ ಗುರು. "ಅದಿರಲಿ, ನೀನು ಎಷ್ಟು ತಿಂದೆ? ಹನ್ನೆರಡು ಕರಿದಿದ್ದರು. ನಾನು ಮೂರು, ಇವನು ಮೂರು."

"ನಾನೂ ಮೂರೇ."

"ತಟ್ಟೆಯಲ್ಲಿ ಎರಡೇ ಇದೆಯಲ್ಲೋ!"

"ಆ ಒಡೆದದ್ದು ಯಾರ ಲೆಕ್ಕಕ್ಕೆ? ಮತ್ತೆ ಎಣಿಸು."

ಪದ್ಮಕ್ಕ ಬಂದು ತಟ್ಟೆ ಎತ್ತಿಕೊಂಡರು. "ಎಣಿಕೆ ಸಾಕು," ಅಂದು ಉಳಿದ ಎರಡನ್ನೂ ತಾವೇ ತಿಂದರು.